ಬಾಕಿ ಕೇಳುವ ಚೀಟಿ: ಅಮೆರಿಕದ ಹಳೇ ಪೋಸ್ಟೇಜ್ ಡ್ಯೂ ಸ್ಟ್ಯಾಂಪ್‌ಗಳ ಬಗ್ಗೆ ಒಂದು ಮಾತು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ವಾರವಿಡೀ ಸ್ಪ್ರಿಂಟು, ರಿಲೀಸು, ಕಾಲ್ ಅಂತ ಓಡಾಡಿ ಬಂದಿರ್ತೀರಿ. ಅದಕ್ಕೇ ಇವತ್ತು ಆಫೀಸಿಗೆ ಯಾವ ಸಂಬಂಧವೂ ಇಲ್ಲದ ವಿಷಯ ತಂದಿದ್ದೀನಿ. ಆದರೆ ಕೇಳ್ತಾ ಕೇಳ್ತಾ, ಇದರಲ್ಲೂ ನಮ್ಮ ಕೆಲಸದ ವಾಸನೆ ಇದೆಯಲ್ಲ ಅಂತ ನಿಮಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ವಿಷಯ ಏನಪ್ಪಾ ಅಂದ್ರೆ, ಅಮೆರಿಕದ ಹಳೇ ಪೋಸ್ಟೇಜ್ ಡ್ಯೂ ಸ್ಟ್ಯಾಂಪ್‌ಗಳ ಸಂಗ್ರಹ. ಕನ್ನಡದಲ್ಲಿ ನಾನು ಇವನ್ನ ‘ಬಾಕಿ ಚೀಟಿ’ ಅಂತ ಕರೀತೀನಿ.

ಮಾಮೂಲಿ ಅಂಚೆ ಚೀಟಿಯನ್ನ ಕಾಗದ ಬರೆದವರು ಕೊಂಡು ಅಂಟಿಸ್ತಾರೆ. ಬಾಕಿ ಚೀಟಿ ಹಾಗಲ್ಲ. ಇದನ್ನ ಅಂಟಿಸೋದು ಪೋಸ್ಟ್ ಆಫೀಸಿನ ಗುಮಾಸ್ತ, ಅದೂ ಕಾಗದ ತಲುಪಬೇಕಾದ ಊರಿನಲ್ಲಿ. ಕಳಿಸಿದವರು ಕಮ್ಮಿ ದುಡ್ಡಿನ ಸ್ಟ್ಯಾಂಪ್ ಹಚ್ಚಿದ್ದಾರೆ, ಅಥವಾ ಹಚ್ಚೇ ಇಲ್ಲ. ಎಷ್ಟು ಕಮ್ಮಿ ಬಿತ್ತೋ ಅಷ್ಟಕ್ಕೆ ಗುಮಾಸ್ತ ಬಾಕಿ ಚೀಟಿ ಅಂಟಿಸಿ, ಅದರ ಮೇಲೆ ಠಸ್ಸೆ ಹೊಡೆದು ಪೋಸ್ಟ್‌ಮ್ಯಾನ್ ಕೈಗೆ ಕೊಡ್ತಾನೆ. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ಅಷ್ಟು ದುಡ್ಡು ಇಸ್ಕೊಂಡು ಕಾಗದ ಕೊಡ್ತಾನೆ. ಇವತ್ತಿನ ಕ್ಯಾಶ್ ಆನ್ ಡೆಲಿವರಿ ಇದ್ದ ಹಾಗೆ. ವ್ಯತ್ಯಾಸ ಒಂದೇ, ಇಲ್ಲಿ ನಾವು ಆರ್ಡರ್ ಮಾಡಿರೋದಿಲ್ಲ!

ನಮ್ಮ ಕಡೆ ಇದಕ್ಕೆ ಒಂದು ಹೆಸರೇ ಇದೆ: ಬೇರಿಂಗ್ ಕಾಗದ. ಸ್ಟ್ಯಾಂಪ್ ಹಚ್ಚದೆ ಡಬ್ಬಿಗೆ ಹಾಕಿದ ಕಾಗದ, ತಗೊಳ್ಳೋರು ಎರಡು ಪಟ್ಟು ಕೊಡಬೇಕು. ನಿಮ್ಮ ಮನೇಲಿ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ ನೋಡಿ, ಬೇರಿಂಗ್ ಅಂದ ಕೂಡ್ಲೇ ಗೊತ್ತಾಗತ್ತೆ. ‘ಸ್ಟ್ಯಾಂಪ್ ಹಚ್ಚದೇ ಕಳಿಸಿದರೆ ಕಾಗದ ಖಂಡಿತ ತಲುಪತ್ತೆ, ಯಾಕಂದ್ರೆ ಪೋಸ್ಟ್‌ಮ್ಯಾನ್‌ಗೆ ದುಡ್ಡು ವಸೂಲಿ ಮಾಡೋದಿರತ್ತೆ’ ಅನ್ನೋ ಲೆಕ್ಕಾಚಾರವೂ ಕೆಲವರದು. ಆದರೆ ಇಂಡಿಯಾದಲ್ಲಿ ಈ ಬಾಕಿಗೆ ಅಂತ ಬೇರೆ ಸ್ಟ್ಯಾಂಪ್ ಮಾಡಲಿಲ್ಲ, ಮುದ್ರೆ ಒತ್ತಿ, ಮೊತ್ತ ಬರೆದು ವಸೂಲಿ ಮಾಡ್ತಿದ್ರು. ಫ್ರಾನ್ಸ್ 1859ರಲ್ಲೇ ಬಾಕಿಗೆ ಪ್ರತ್ಯೇಕ ಚೀಟಿ ತಂತು. ಅಮೆರಿಕ ತಂದದ್ದು 1879ರಲ್ಲಿ. ಇಂಗ್ಲೆಂಡ್ ಅಂತೂ 1914ರ ತನಕ ಕಾಯ್ತು.

ಈಗ ಮೊದಲ ಪ್ರಶ್ನೆ. ಗುಮಾಸ್ತ ಲಕೋಟೆ ಮೇಲೆ ಪೆನ್ನಲ್ಲಿ ‘ಡ್ಯೂ 3’ ಅಂತ ಗೀಚಿದರೆ ಸಾಕಲ್ಲ? ಅದಕ್ಕೆ ಒಂದು ಸ್ಟ್ಯಾಂಪ್ ಯಾಕೆ ಬೇಕಿತ್ತು? ಕಾಗದ ಬರೆದವರಿಗೂ ಬೇಡ, ಓದೋರಿಗೂ ಬೇಡ. ಹಾಗಾದರೆ ಯಾರಿಗೆ?

ಉತ್ತರ: ಲೆಕ್ಕ ಇಡೋರಿಗೆ. 1879ಕ್ಕೆ ಮುಂಚೆ ಅಮೆರಿಕದಲ್ಲಿ ಸಾವಿರಾರು ಸಣ್ಣ ಸಣ್ಣ ಊರುಗಳಲ್ಲಿ ಪೋಸ್ಟ್‌ಮಾಸ್ಟರ್‌ಗಳಿದ್ರು. ಬಾಕಿ ಬಂದ ಕಾಗದಕ್ಕೆ ಅವರೇ ದುಡ್ಡು ಇಸ್ಕೊಳ್ತಿದ್ರು, ಎಷ್ಟು ಬಂತು ಅಂತ ಅವರೇ ಬರೆದು ಮೇಲಕ್ಕೆ ತಿಳಿಸ್ತಿದ್ರು. ನೂರು ಕಾಗದಕ್ಕೆ ಇಸ್ಕೊಂಡು ಅರವತ್ತಕ್ಕೆ ಲೆಕ್ಕ ತೋರಿಸಿದರೆ ವಾಷಿಂಗ್ಟನ್‌ನಲ್ಲಿ ಕೂತವರಿಗೆ ತಿಳಿಯೋದು ಹೇಗೆ? ನಂಬಿಕೆ ಒಂದೇ ಆಧಾರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಆ ವ್ಯವಸ್ಥೆಗೆ ಆಡಿಟ್ ಲಾಗ್ ಇರಲಿಲ್ಲ.

1879ರ ಮಾರ್ಚ್ 3ರ ಕಾನೂನು ಇದನ್ನ ಸರಿ ಮಾಡಿತು, ಜುಲೈ 1ರಿಂದ ಜಾರಿಗೆ ಬಂತು. ಇನ್ಮೇಲೆ ಪೋಸ್ಟ್‌ಮಾಸ್ಟರ್‌ಗೆ ಬಾಕಿ ಚೀಟಿಗಳ ಸ್ಟಾಕ್ ಕೊಡ್ತಾರೆ, ಅದರ ಬೆಲೆಯನ್ನ ಅವನ ಖಾತೆಗೆ ಬರೀತಾರೆ. ಕಾಗದ ಕೊಡೋ ಮುಂಚೆ ಚೀಟಿ ಹಚ್ಚಿ ಠಸ್ಸೆ ಹೊಡೀಲೇಬೇಕು. ತಿಂಗಳು ಕಳೆದ ಮೇಲೆ ಲೆಕ್ಕ ಸುಲಭ. ಎಷ್ಟು ಚೀಟಿ ಕೊಟ್ಟೆವು, ಎಷ್ಟು ಉಳಿದಿದೆ? ಮಧ್ಯದ ವ್ಯತ್ಯಾಸ ಎಷ್ಟೋ ಅಷ್ಟು ನಗದು ಅವನ ಹತ್ತಿರ ಇರಬೇಕು. ಚೀಟಿ ಇಲ್ಲದೆ ಯಾರಾದರೂ ಬಾಕಿ ಕೇಳಿದರೆ, ‘ಚೀಟಿ ಎಲ್ಲಿ?’ ಅಂತ ತಗೊಳ್ಳೋರೇ ಕೇಳಬಹುದು. ಸಾಮಾನ್ಯ ಮನುಷ್ಯನ ಕೈಗೇ ಒಂದು ರಸೀದಿ ಸಿಕ್ಕ ಹಾಗಾಯ್ತು. ಹಾಗಾಗಿ ನೂರ ನಲವತ್ತು ವರ್ಷದ ಹಿಂದಿನ ಈ ಚೀಟಿಯನ್ನ ನಾನು ಕಲಾಕೃತಿ ಅಂತ ನೋಡಲ್ಲ, ಒಂದು ಟ್ರಾನ್ಸಾಕ್ಷನ್ ದಾಖಲೆ ಅಂತ ನೋಡ್ತೀನಿ.

ನೋಡೋದಕ್ಕೂ ಅವು ಹಾಗೇ ಇವೆ. ರಾಜ ರಾಣಿ ಇಲ್ಲ, ವಾಷಿಂಗ್ಟನ್ ಇಲ್ಲ, ಫ್ರಾಂಕ್ಲಿನ್ ಇಲ್ಲ. ಮಧ್ಯದಲ್ಲಿ ಅಂಡಾಕಾರದ ಜಾಗ, ಅದರೊಳಗೆ ಒಂದು ದೊಡ್ಡ ಅಂಕಿ. ಹಿಂದೆ ಸೂಕ್ಷ್ಮ ಗೆರೆಗಳ ಹೆಣಿಗೆ, ನೋಟಿನ ಮೇಲೆ ಇರತ್ತಲ್ಲ, ಆ ಥರ. ಮುದ್ರಿಸಿದ್ದು ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ, ಹಾಗಾಗಿ ಆ ಕೈಗುಣ ಅಲ್ಲಿ ಕಾಣೋದು ಸಹಜ. ಪೋಸ್ಟ್‌ಮ್ಯಾನ್ ದೀಪದ ಬೆಳಕಲ್ಲಿ ನೋಡಿದರೂ ಎಷ್ಟು ಇಸ್ಕೊಳ್ಳಬೇಕು ಅಂತ ಗೊತ್ತಾಗಬೇಕು, ಅಷ್ಟೇ ಉದ್ದೇಶ. ಸಂಗ್ರಹಕಾರರು ಈ ಮೊದಲ ವಿನ್ಯಾಸಕ್ಕೆ ‘ಲಾರ್ಜ್ ನ್ಯೂಮರಲ್’, ಅಂದ್ರೆ ದೊಡ್ಡಂಕಿ ಅಂತಾರೆ. ಒಟ್ಟು ಏಳು ಬೆಲೆ: 1, 2, 3, 5 ಸೆಂಟ್ ಮೊದಲು ಬಂದವು, 10, 30, 50 ಸೆಂಟ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ.

ಇದೇ ವಿನ್ಯಾಸ ಮೂರು ಬಣ್ಣದಲ್ಲಿ ಬಂತು. 1879ರಲ್ಲಿ ಕಂದು. 1884ರಲ್ಲಿ ಕೆಂಪು ಬೆರೆತ ಕಂದು. 1891ರಲ್ಲಿ ಕ್ಲ್ಯಾರೆಟ್, ಅಂದ್ರೆ ದ್ರಾಕ್ಷಿ ವೈನಿನ ಹೊಳೆಯೋ ಕೆಂಪು. ಏಳು ಬೆಲೆ, ಮೂರು ಬಣ್ಣ, ಇಪ್ಪತ್ತೊಂದು ಚೀಟಿ. ‘ಇಷ್ಟೇನಾ?’ ಅಂತ ಅನ್ನಿಸಬಹುದು. ಆದರೆ ಮೊದಲ ಕಂದು ಯಾವುದು, ಎರಡನೇ ಕೆಂಗಂದು ಯಾವುದು ಅಂತ ಹೇಳೋದಕ್ಕೆ ಕಣ್ಣು ಪಳಗಬೇಕು. ಕಂದಿನಲ್ಲೇ ಹಳದಿ ಕಡೆ ವಾಲಿದ್ದು, ಗಾಢವಾದದ್ದು ಅಂತ ಛಾಯೆಗಳಿವೆ. ಬಿಸಿಲಿಗೆ ಬಿದ್ದರೆ, ನೀರಲ್ಲಿ ನೆಂದರೆ ಬಣ್ಣ ಬದಲಾಗತ್ತೆ. ಮೊಬೈಲ್ ಪರದೆ ಮೇಲೆ ನೋಡಿ ತೀರ್ಮಾನ ಮಾಡೋ ಹಾಗೇ ಇಲ್ಲ. ಗ್ಯಾರಂಟಿ ಗೊತ್ತಿರೋ ಒಂದು ಅಗ್ಗದ ಚೀಟಿ ಪ್ರತಿ ಬಣ್ಣದ್ದೂ ಇಟ್ಕೊಂಡು, ಹಗಲು ಬೆಳಕಲ್ಲಿ ಪಕ್ಕ ಪಕ್ಕ ಇಟ್ಟು ಹೋಲಿಸಬೇಕು.

ಇದೇ ಸಮಯದಲ್ಲಿ ಸಂಗ್ರಹಕಾರರಿಗೆ ಮಾರೋದಕ್ಕೆ ಅಂತಲೇ ಗಾಢ ಕಂದಿನಲ್ಲಿ ಒಂದು ವಿಶೇಷ ಮುದ್ರಣವೂ ಆಯ್ತು. ಅದರ ದೊಡ್ಡ ಬೆಲೆಯವು ಖರ್ಚಾದದ್ದು ಕೆಲವೇ ನೂರು, ಅಷ್ಟೂ ಇಲ್ಲ. ಅವು ನಮ್ಮಂಥವರ ಕೈಗೆ ಸಿಗೋವಲ್ಲ, ಬಿಡಿ.

ನನಗೆ ಈ ಹವ್ಯಾಸದಲ್ಲಿ ಹೆಚ್ಚು ಇಷ್ಟವಾಗೋ ಭಾಗ ಈಗ ಬರತ್ತೆ. ಅಂಚೆ ದರ ಗೊತ್ತಿದ್ದರೆ, ಯಾವ ಚೀಟಿ ಯಾಕೆ ಅಪರೂಪ ಅಂತ ನಾವೇ ಊಹೆ ಮಾಡಬಹುದು. ಒಂದು ಉದಾಹರಣೆ. 1879ರಲ್ಲಿ ಅಮೆರಿಕದೊಳಗೆ ಕಾಗದದ ದರ ಅರ್ಧ ಔನ್ಸಿಗೆ 3 ಸೆಂಟ್. ನೀವು ಒಂದು 3 ಸೆಂಟ್ ಸ್ಟ್ಯಾಂಪ್ ಹಚ್ಚಿದಿರಿ, ಆದರೆ ಕಾಗದ ಅರ್ಧ ಔನ್ಸ್ ದಾಟಿತು. ಎರಡನೇ ದರ ಬಾಕಿ. ಒಂದು ಪೂರ್ತಿ ದರ ಕೊಟ್ಟಿದ್ದರೆ ಕಾಗದವನ್ನ ಮುಂದೆ ಕಳಿಸಬೇಕು ಅಂತ ಕಾನೂನು, ಉಳಿದಿದ್ದನ್ನ ಆ ಕಡೆ ವಸೂಲಿ ಮಾಡೋದು. ಹಾಗಾಗಿ 3 ಸೆಂಟಿನ ಬಾಕಿ ಚೀಟಿಗೆ ಭಾರೀ ಕೆಲಸ. ಒಂದು ದರವೂ ಕೊಡದೇ ಇದ್ದರೆ? ಕಾಗದ ಹೊರಟ ಊರಲ್ಲೇ ಕೂತ್ಕೊಳ್ತಿತ್ತು, ‘ಹೆಲ್ಡ್ ಫಾರ್ ಪೋಸ್ಟೇಜ್’ ಅಂತ ಮುದ್ರೆ ಬೀಳ್ತಿತ್ತು, ವಿಳಾಸದಾರರಿಗೆ ತಿಳಿಸ್ತಿದ್ರು.

1883ರ ಅಕ್ಟೋಬರ್ 1ಕ್ಕೆ ದರ 2 ಸೆಂಟಿಗೆ ಇಳೀತು. 1885ರ ಜುಲೈಯಿಂದ ಅರ್ಧ ಔನ್ಸ್ ಬದಲು ಒಂದು ಔನ್ಸಿಗೆ 2 ಸೆಂಟ್. ಈಗ ಬಾಕಿ ಬಿದ್ದರೆ 2 ಸೆಂಟ್. 3 ಸೆಂಟಿನ ಚೀಟಿಗೆ ಕೆಲಸವೇ ಹೋಯ್ತು. ಬಣ್ಣ ಬದಲಾದದ್ದು ಯಾವಾಗ? 1884ರಲ್ಲಿ. ಲೆಕ್ಕ ಹಾಕಿ. ಕಂದು ಬಣ್ಣದ 3 ಸೆಂಟ್ ಬೇಕಾದಷ್ಟು ಸಿಗತ್ತೆ, ಅಗ್ಗವೂ ಹೌದು. ಕೆಂಗಂದಿನ 3 ಸೆಂಟ್ ಅಪರೂಪ, ಬೆಲೆ ಎಷ್ಟೋ ಪಟ್ಟು ಜಾಸ್ತಿ. ಅದೇ ಕೆಂಗಂದಿನ 2 ಸೆಂಟ್ ಸುಲಭವಾಗಿ ಸಿಗತ್ತೆ. ಕ್ಯಾಟಲಾಗ್ ಬೆಲೆಯನ್ನ ಬಾಯಿಪಾಠ ಮಾಡೋದೇ ಬೇಕಾಗಿಲ್ಲ, ಕಾರಣ ಹಿಡಿದರೆ ಬೆಲೆ ಅರ್ಥ ಆಗತ್ತೆ.

1 ಸೆಂಟಿನದು ಇನ್ನೂ ತಮಾಷೆ. ವಿಳಾಸದಾರ ಸಿಗದ ಕಾಗದಗಳ ಹೆಸರಿನ ಪಟ್ಟಿ ಹಾಕಿ, ‘ಬಂದು ತಗೊಂಡು ಹೋಗಿ’ ಅಂತ ಪ್ರಕಟಿಸ್ತಿದ್ರು. ಆ ಪ್ರಕಟಣೆಯ ಖರ್ಚು ಅಂತ 1 ಸೆಂಟ್ ವಸೂಲಿ. ಹಾಗಾಗಿ ‘ಅಡ್ವರ್ಟೈಸ್ಡ್’ ಅನ್ನೋ ಮುದ್ರೆ ಜೊತೆ 1 ಸೆಂಟಿನ ಬಾಕಿ ಚೀಟಿ ಕಂಡರೆ, ಆ ಮನುಷ್ಯ ಊರು ಬಿಟ್ಟು ಅಲೀತಿದ್ದ ಅಂತ ಅರ್ಥ ಮಾಡ್ಕೋಬಹುದು. ವರ್ಷಕ್ಕೊಂದು ಸಲ ಪಿಜಿ ಬದಲಾಯಿಸೋ ನಮಗೆ ಇದೇನು ಹೊಸದಲ್ಲ.

ಇನ್ನು 5, 10 ಸೆಂಟಿನವು. ಇವುಗಳ ಕತೆ ವಿದೇಶದ ಕಾಗದಗಳದ್ದು. 1870ರ ದಶಕದಲ್ಲಿ ದೇಶ ದೇಶಗಳ ಅಂಚೆಗಳು ಸೇರಿ ಒಂದು ಒಕ್ಕೂಟ ಮಾಡ್ಕೊಂಡ್ವು, ಅದೇ ಇವತ್ತಿನ ಯೂನಿವರ್ಸಲ್ ಪೋಸ್ಟಲ್ ಯೂನಿಯನ್. ಇಂಡಿಯಾ 1876ರಲ್ಲೇ ಸೇರಿತ್ತು. ಅಲ್ಲಿಯ ನಿಯಮ ಹೀಗಿತ್ತು: ಕಮ್ಮಿ ಹಚ್ಚಿದ ಕಾಗದಕ್ಕೆ ‘ಟಿ’ ಅಂತ ಮುದ್ರೆ ಹಾಕಬೇಕು. ಫ್ರೆಂಚ್ ಭಾಷೆಯ ‘ಟ್ಯಾಕ್ಸ್’ ಅನ್ನೋ ಪದದ ಮೊದಲ ಅಕ್ಷರ ಅದು. ತಲುಪೋ ದೇಶದಲ್ಲಿ ಕಮ್ಮಿ ಬಿದ್ದಿದ್ದರ ಎರಡು ಪಟ್ಟು ವಸೂಲಿ. ಗಮನಿಸಿ, ಅಮೆರಿಕದೊಳಗಿನ ಕಾಗದಕ್ಕೆ ಎಷ್ಟು ಕಮ್ಮಿಯೋ ಅಷ್ಟೇ, ಹೊರಗಿನಿಂದ ಬಂದದ್ದಕ್ಕೆ ಎರಡು ಪಟ್ಟು.

ಇದನ್ನ ಒಬ್ಬ ಮನುಷ್ಯನ ಜಾಗದಲ್ಲಿ ನಿಂತು ನೋಡೋಣ. 1880ರ ದಶಕ. ಜರ್ಮನಿಯ ಒಂದು ಹಳ್ಳಿ. ಮಗ ಮಿಲ್ವಾಕಿಗೆ ಹೋಗಿ ಕೂಲಿಗೆ ಸೇರಿದ್ದಾನೆ. ಆಗ ಜರ್ಮನಿಯೊಳಗೆ ಕಾಗದಕ್ಕೆ 10 ಫೆನಿಗ್, ಅಮೆರಿಕಕ್ಕೆ 20. ಅಮ್ಮ ಮನೇಲಿದ್ದ 10 ಫೆನಿಗ್ ಸ್ಟ್ಯಾಂಪನ್ನೇ ಹಚ್ಚಿ ಡಬ್ಬಿಗೆ ಹಾಕಿದಳು ಅಂತಿಟ್ಕೊಳ್ಳಿ. 10 ಫೆನಿಗ್ ಕಮ್ಮಿ. ಅಮೆರಿಕದ ಲೆಕ್ಕದಲ್ಲಿ ಅದು ಎರಡೂವರೆ ಸೆಂಟ್. ಎರಡು ಪಟ್ಟು ಅಂದ್ರೆ 5 ಸೆಂಟ್. ಒಂದು 5 ಸೆಂಟಿನ ಬಾಕಿ ಚೀಟಿ. ಸ್ಟ್ಯಾಂಪೇ ಹಚ್ಚದಿದ್ದರೆ? ಪೂರ್ತಿ ದರ 5 ಸೆಂಟ್, ಎರಡು ಪಟ್ಟು 10. ಆಗಿನ ಕೂಲಿ ದಿನಕ್ಕೆ ಒಂದೂಕಾಲು ಒಂದೂವರೆ ಡಾಲರ್ ಆಸುಪಾಸು. ಅಂದ್ರೆ ಅಮ್ಮನ ಕಾಗದ ಬಿಡಿಸ್ಕೊಳ್ಳೋದಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ದುಡೀಬೇಕು.

ಬೇಡ ಅನ್ನಬಹುದಿತ್ತು. ಬೇಡ ಅಂದವರ ಕಾಗದದ ಮೇಲೆ ‘ರಿಫ್ಯೂಸ್ಡ್’ ಅಂತ ಬರೆದು ವಾಪಸ್ ಕಳಿಸ್ತಿದ್ರು, ಅಂಥ ಲಕೋಟೆಗಳೂ ಸಿಗ್ತವೆ. ಆದರೆ ಚೀಟಿ ಹಚ್ಚಿ, ಠಸ್ಸೆ ಬಿದ್ದು, ಮನೆಯೊಳಗೆ ಉಳಿದು, ಇವತ್ತು ನಮ್ಮ ಕೈಗೆ ಬಂದ ಲಕೋಟೆ ಇದೆಯಲ್ಲ, ಅದರ ಅರ್ಥ ಒಂದೇ. ಯಾರೋ ಬಾಗಿಲಲ್ಲಿ ನಿಂತು ಜೇಬಿಗೆ ಕೈ ಹಾಕಿದ್ರು. ದುಡ್ಡು ಕೊಟ್ಟು ಮನೆಯ ಸುದ್ದಿ ತಗೊಂಡ್ರು. ಮನೆ ಬಿಟ್ಟು ಬೇರೆ ಊರಲ್ಲಿ ದುಡಿಯೋ ಜನ ನಾವು. ನಮಗೆ ಸುದ್ದಿ ಬರೋದು ಪುಕ್ಕಟೆ, ದಿನಕ್ಕೆ ನೂರು ಮೆಸೇಜು. ಅಮ್ಮ ಕಳಿಸಿದ ವಾಯ್ಸ್ ನೋಟ್ ಮೂರು ದಿನ ಕೇಳದೇ ಬಿಟ್ಟಿರ್ತೀವಿ. ಇದನ್ನ ಉಪದೇಶ ಅಂತ ಹೇಳ್ತಿಲ್ಲ. ಆದರೆ ಆ ಚೀಟಿ ನೋಡಿದಾಗ ನನಗೆ ಆ ಯೋಚನೆ ಬರತ್ತೆ, ಅದನ್ನ ಮುಚ್ಚಿಡೋದು ಯಾಕೆ.

ಮುಂಬೈ, ಪುಣೆ ಕಡೆಯವರಿಗೆ ಒಂದು ಮಾತು. ಆ ಕಾಲದಲ್ಲಿ ಬಾಂಬೆ, ಅಹಮದ್‌ನಗರ ಕಡೆ ಅಮೆರಿಕನ್ ಮರಾಠಿ ಮಿಷನ್ ಕೆಲಸ ಮಾಡ್ತಿತ್ತು, ಅದರ ಮುಖ್ಯ ಕಚೇರಿ ಬೋಸ್ಟನ್‌ನಲ್ಲಿ. ಇಂಡಿಯಾದಿಂದ ಹೊರಟು ಅಮೆರಿಕದ ಬಾಕಿ ಚೀಟಿ ಹೊತ್ತ ಲಕೋಟೆ ಹುಡುಕೋದಾದ್ರೆ ಇಂಥ ಪತ್ರವ್ಯವಹಾರದ ಕಡೆ ಕಣ್ಣಿಡಬೇಕು. ರಾಣಿ ವಿಕ್ಟೋರಿಯಾ ಸ್ಟ್ಯಾಂಪು, ‘ಟಿ’ ಮುದ್ರೆ, ಪಕ್ಕದಲ್ಲಿ ದೊಡ್ಡಂಕಿ ಬಾಕಿ ಚೀಟಿ. ಒಂದೇ ಲಕೋಟೆಯಲ್ಲಿ ಎರಡು ದೇಶದ ಲೆಕ್ಕಪತ್ರ.

ಈಗ ಎರಡನೇ ಅಧ್ಯಾಯ. 1894ರಲ್ಲಿ ಸ್ಟ್ಯಾಂಪ್ ಮುದ್ರಣ ಖಾಸಗಿ ಕಂಪನಿಯಿಂದ ಸರ್ಕಾರದ ಬ್ಯೂರೋ ಆಫ್ ಎನ್‌ಗ್ರೇವಿಂಗ್ ಅಂಡ್ ಪ್ರಿಂಟಿಂಗ್‌ಗೆ ಬಂತು. ಬಾಕಿ ಚೀಟಿಗೆ ಹೊಸ, ಚಿಕ್ಕ ವಿನ್ಯಾಸ ಮಾಡಿದ್ರು. ಮೂವತ್ತಕ್ಕೂ ಹೆಚ್ಚು ವರ್ಷ ಅದೇ ವಿನ್ಯಾಸ ನಡೀತು, 1930ರಲ್ಲಿ ಬದಲಾಯ್ತು. ಮುಖ ನೋಡಿದರೆ ಎಲ್ಲ ಒಂದೇ. ಆದರೆ ಒಳಗೆ ವರ್ಷನ್ ಬದಲಾಗ್ತಾ ಹೋಯ್ತು. 1894ರಲ್ಲಿ ಕಾಗದದಲ್ಲಿ ವಾಟರ್‌ಮಾರ್ಕ್ ಇಲ್ಲ. 1895ರಿಂದ ಎರಡು ಗೆರೆಯ ಅಕ್ಷರದ ವಾಟರ್‌ಮಾರ್ಕ್. 1910ರಿಂದ ಒಂಟಿ ಗೆರೆಯದು. 1914ರಲ್ಲಿ ಅಂಚಿನ ಹಲ್ಲು 12ರಿಂದ 10ಕ್ಕೆ ಇಳೀತು. ಎರಡು ಸೆಂಟಿಮೀಟರಿಗೆ ಎಷ್ಟು ತೂತು ಅನ್ನೋದೇ ಈ ಲೆಕ್ಕ. 1916ರಲ್ಲಿ ವಾಟರ್‌ಮಾರ್ಕ್ ಬಿಟ್ರು. 1917ರಲ್ಲಿ ಹಲ್ಲು 11 ಆಯ್ತು.

ಈಗ ಯೋಚನೆ ಮಾಡಿ. 1916ರಿಂದ 1917ರ ನಡುವಿನ ಆ ಸಣ್ಣ ಕಿಂಡಿಯಲ್ಲಿ ಹಲ್ಲು 10 ಇದ್ದು, ವಾಟರ್‌ಮಾರ್ಕ್ ಇಲ್ಲದೆ ಹೊರಬಂದ 1 ಸೆಂಟಿನ ಚೀಟಿ ತೀರಾ ಅಪರೂಪ. ಸ್ಕಾಟ್ ಕ್ಯಾಟಲಾಗ್‌ನಲ್ಲಿ ಬಾಕಿ ಚೀಟಿಗಳಿಗೆಲ್ಲ ‘ಜೆ’ ಅಕ್ಷರ, ಇದು ಜೆ 59. ನೋಡೋದಕ್ಕೆ ಹತ್ತು ರೂಪಾಯಿಯ ಚೀಟಿ ಥರಾನೇ ಇರತ್ತೆ, ಬೆಲೆ ಸಾವಿರಾರು ಡಾಲರ್. ಅಪಾಯವೂ ಇಲ್ಲೇ ಇದೆ. ಒಂಟಿ ಗೆರೆಯ ವಾಟರ್‌ಮಾರ್ಕಿನ ಅಕ್ಷರಗಳು ದೂರ ದೂರ ಇರ್ತವೆ. ಕೆಲವು ಚೀಟಿಗಳಿಗೆ ಅಕ್ಷರದ ಒಂದು ಚೂರು ಮಾತ್ರ ಬಂದಿರತ್ತೆ, ಕಷ್ಟಪಟ್ಟು ನೋಡಿದರೂ ಕಾಣಲ್ಲ. ‘ನನಗೆ ವಾಟರ್‌ಮಾರ್ಕ್ ಕಾಣ್ಲಿಲ್ಲ’ ಅನ್ನೋದು ‘ವಾಟರ್‌ಮಾರ್ಕ್ ಇಲ್ಲ’ ಅನ್ನೋದಕ್ಕೆ ಸಮ ಅಲ್ಲ. ಟೆಸ್ಟಿಂಗ್ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಯಾರಾದರೂ ಜೆ 59 ಅಂತ ಮಾರ್ತಿದ್ದರೆ, ಪ್ರಮಾಣಪತ್ರ ಇಲ್ಲದೆ ಒಂದು ಪೈಸೆಯನ್ನೂ ಬಿಚ್ಚಬೇಡಿ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ ಇಂಥ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡತ್ತೆ. 1886ರಿಂದ ಇರೋ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸೇವೆಯೂ ಇದೆ.

ಸಣ್ಣ ಊರಿನ ಒಂದು ಕತೆ ಹೇಳಿಬಿಡ್ತೀನಿ. 1895ರ ಅಕ್ಟೋಬರ್, ಅಯೋವಾ ರಾಜ್ಯದ ಜೆಫರ್ಸನ್. ಅಲ್ಲಿಯ ಪೋಸ್ಟ್‌ಮಾಸ್ಟರ್ ಕೆಲವು 2 ಸೆಂಟಿನ ಬಾಕಿ ಚೀಟಿ ತಗೊಂಡು, ಎರಡೂ ಬದಿಗೆ ಕಪ್ಪು ಶಾಯಿಯಲ್ಲಿ ‘ಡ್ಯೂ 1 ಸೆಂಟ್’ ಅಂತ ಅಚ್ಚು ಹಾಕಿ, ಉದ್ದಕ್ಕೆ ಸೀಳಿ, ಒಂದೊಂದು ಅರ್ಧವನ್ನೂ 1 ಸೆಂಟಿಗೆ ಬಳಸಿದ. ಹಾಗೆ ಬಳಕೆಯಾದದ್ದು ಇಪ್ಪತ್ತರ ಆಸುಪಾಸು ಮಾತ್ರ. ನಮ್ಮ ಭಾಷೆಯಲ್ಲಿ ಪ್ರೊಡಕ್ಷನ್‌ನಲ್ಲಿ ಒಂದು ಹಾಟ್‌ಫಿಕ್ಸ್. ಬಿಡಿ ಅರ್ಧ ಚೀಟಿಯನ್ನ ಯಾರು ಬೇಕಾದರೂ ಸೀಳಿ ತಯಾರು ಮಾಡಬಹುದು. ಲಕೋಟೆ ಮೇಲೆ ಸರಿಯಾದ ಠಸ್ಸೆ, ಸರಿಯಾದ ದಿನಾಂಕದ ಜೊತೆ ಇದ್ದರೆ ಮಾತ್ರ ಅದಕ್ಕೆ ಬೆಲೆ.

1913ರ ಜನವರಿ 1ಕ್ಕೆ ಅಮೆರಿಕದಲ್ಲಿ ಪಾರ್ಸೆಲ್ ಪೋಸ್ಟ್ ಶುರುವಾಯ್ತು. ಅದಕ್ಕೂ ಬೇರೆ ಬಾಕಿ ಚೀಟಿ ಮಾಡಿದ್ರು. 1, 2, 5, 10, 25 ಸೆಂಟ್, ಐದೂ ಕಡು ಹಸಿರು. ಅದೇ ವರ್ಷ ಜುಲೈಯಲ್ಲಿ ಈ ಭೇದವನ್ನ ಕೈಬಿಟ್ಟು, ಅವನ್ನ ಮಾಮೂಲಿ ಬಾಕಿಗೂ ಬಳಸಬಹುದು ಅಂದ್ರು. ಆರು ತಿಂಗಳ ಪ್ರಾಜೆಕ್ಟ್! ಐದೇ ಚೀಟಿ ಇರೋದರಿಂದ ಹೊಸಬರಿಗೆ ಇದೊಂದು ಮುಗಿಸಬಹುದಾದ ಗುರಿ. ಬಾಕಿ ಚೀಟಿಗಳ ಇಡೀ ಪರಂಪರೆ 1985ರ 17 ಸೆಂಟಿನ ಚೀಟಿಯೊಂದಿಗೆ ಮುಗೀತು.

ಈಗ ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡ ವಿಷಯ. ದಯವಿಟ್ಟು ಲಕೋಟೆಯಿಂದ ಬಾಕಿ ಚೀಟಿಯನ್ನ ನೀರಿಗೆ ಹಾಕಿ ಬಿಡಿಸಬೇಡಿ.

ಚಿಕ್ಕವರಿದ್ದಾಗ ಎಲ್ಲರೂ ಮಾಡ್ತಿದ್ದ ಕೆಲಸ ಅದು. ಬಟ್ಟಲಲ್ಲಿ ನೀರು, ಲಕೋಟೆಯ ಮೂಲೆ ಕತ್ತರಿಸಿ ನೆನೆಹಾಕೋದು, ಚೀಟಿ ತೇಲಿ ಬಂದ ಮೇಲೆ ಪೇಪರ್ ಮೇಲೆ ಒಣಗಿಸೋದು. ಮಾಮೂಲಿ ಸ್ಟ್ಯಾಂಪಿಗೆ ಅದು ಪರವಾಗಿಲ್ಲ, ಅದರ ಚಿತ್ರವಾದರೂ ಉಳಿಯತ್ತೆ. ಬಾಕಿ ಚೀಟಿಗೆ ಚಿತ್ರವೇ ಇಲ್ಲ. ಅದರ ಮೇಲಿರೋದು ಒಂದು ಮೊತ್ತ ಮಾತ್ರ. ಯಾರು ಕಮ್ಮಿ ಕೊಟ್ರು, ಎಷ್ಟು ಕಮ್ಮಿ, ಯಾವ ಊರಿಂದ ಯಾವ ಊರಿಗೆ, ಯಾಕೆ ಬಾಕಿ, ದುಡ್ಡು ಕೊಟ್ರಾ ಇಲ್ವಾ, ಇದೆಲ್ಲ ಇರೋದು ಲಕೋಟೆಯಲ್ಲಿ. ಚೀಟಿ ಕಿತ್ತರೆ ಮೊತ್ತ ಉಳೀತು, ವ್ಯವಹಾರ ಅಳಿಸಿ ಹೋಯ್ತು. ಲಾಗ್ ಫೈಲ್‌ನಲ್ಲಿ ಬರೀ ಅಂಕಿ ಉಳಿಸಿ ಟೈಮ್‌ಸ್ಟ್ಯಾಂಪ್, ಯೂಸರ್ ಐಡಿ ಎಲ್ಲ ಅಳಿಸಿದ ಹಾಗೆ. ಅದಕ್ಕೆ ಬ್ಯಾಕಪ್ ಇಲ್ಲ. ಹಿಂದಿನ ಕಾಲದಲ್ಲಿ ಆಲ್ಬಂ ತುಂಬಿಸೋ ಆಸೆಗೆ ಎಷ್ಟೋ ಲಕೋಟೆ ಹೀಗೆ ಹೋಗಿವೆ. 30 ಸೆಂಟ್, 50 ಸೆಂಟಿನ ದೊಡ್ಡಂಕಿ ಚೀಟಿಗಳು ಬಿಡಿಯಾಗಿ ಸಿಗ್ತವೆ, ಬಳಕೆಯಾದ ಲಕೋಟೆಯ ಮೇಲೆ ಸಿಗೋದು ಬಲು ಕಷ್ಟ. 2 ಸೆಂಟಿನ ದರದ ಕಾಲದಲ್ಲಿ 50 ಸೆಂಟ್ ಬಾಕಿ ಹೊತ್ತ ಪಾಕೀಟು ಹೇಗಿತ್ತು, ಯಾರಿಗೆ ಹೋಯ್ತು ಅನ್ನೋದನ್ನ ಹೇಳೋ ಸಾಕ್ಷಿಯೇ ಕಮ್ಮಿ.

ಈ ಲಕೋಟೆಗಳನ್ನ ಕೂತು ಓದಿದವರಲ್ಲಿ ಒಬ್ಬರ ಹೆಸರು ಹೇಳಲೇಬೇಕು, ಜಾರ್ಜ್ ಆರ್ಫ್‌ಕೆನ್. ಎಂಎಸ್ಸಿ ಫಿಸಿಕ್ಸ್ ಮಾಡಿದವರು ಈಗ ಕಿವಿ ನೆಟ್ಟಗೆ ಮಾಡಿರ್ತೀರಿ. ಹೌದು, ಅವರೇ! ‘ಮ್ಯಾಥಮೆಟಿಕಲ್ ಮೆಥಡ್ಸ್ ಫಾರ್ ಫಿಸಿಸಿಸ್ಟ್ಸ್’ ಅನ್ನೋ ದಪ್ಪ ಪುಸ್ತಕ ಬರೆದು ನಮ್ಮ ಎಷ್ಟೋ ಹುಡುಗರ ನಿದ್ದೆ ಕೆಡಿಸಿದ ಪ್ರೊಫೆಸರ್. ಅವರೇ 1991ರಲ್ಲಿ ಅಮೆರಿಕದ ದೊಡ್ಡಂಕಿ ಬಾಕಿ ಚೀಟಿಗಳ ಮೇಲೆ ಒಂದು ಪೂರ್ತಿ ಪುಸ್ತಕ ತಂದ್ರು. ಯಾರಿಗೂ ಬೇಡದ ಒಂದು ಗುಮಾಸ್ತಿಕೆಯ ಚೀಟಿಗೆ ಅಷ್ಟು ಗಂಭೀರವಾಗಿ ಗಮನ ಕೊಡಬಹುದು ಅಂತ ತೋರಿಸಿದವರು ಅವರು.

ಶುರು ಮಾಡಬೇಕು ಅನ್ನೋರಿಗೆ ನಾಲ್ಕು ಮಾತು.

ಮೊದಲನೇದು, ಅಗ್ಗದಿಂದ ಶುರು ಮಾಡಿ. 1895ರ ನಂತರದ ಚಿಕ್ಕ ವಿನ್ಯಾಸದ 1, 2 ಸೆಂಟಿನ ಬಳಸಿದ ಚೀಟಿಗಳು ಒಂದು ಪ್ಲೇಟ್ ಮಸಾಲೆ ದೋಸೆಯ ದುಡ್ಡಿಗೆ, ಕೆಲವು ಸಲ ಅದಕ್ಕೂ ಕಮ್ಮಿಗೆ ಸಿಗ್ತವೆ. ಹಲ್ಲು ಎಣಿಸೋ ಅಳತೆ ಪಟ್ಟಿ, ಒಂದು ಭೂತಗನ್ನಡಿ, ವಾಟರ್‌ಮಾರ್ಕ್ ನೋಡೋ ದ್ರವ ಮತ್ತು ಕಪ್ಪು ತಟ್ಟೆ, ತುದಿ ಚಪ್ಪಟೆಯಾದ ಚಿಮಟ, ಇಷ್ಟು ಸಾಕು. ಇವುಗಳ ಮೇಲೆ ಕೈ ಪಳಗಿಸಿ.

ಎರಡನೇದು, ‘ಬಳಸದ್ದು’ ಅನ್ನೋ ಮಾತಿಗೆ ಮರುಳಾಗಬೇಡಿ. ಹಳೇ ಬಾಕಿ ಚೀಟಿಗಳನ್ನ ಎಷ್ಟೋ ಕಡೆ ಪೆನ್ನಲ್ಲಿ ಗೀಟು ಹಾಕಿ ರದ್ದು ಮಾಡ್ತಿದ್ರು. ಶಾಯಿ ತೊಳೆದು, ಹೊಸ ಅಂಟು ಬಳಿದು ಹೊಸದು ಅಂತ ಮಾರೋರು ಇದ್ದಾರೆ. ಅಲ್ಟ್ರಾವಯಲೆಟ್ ದೀಪದಡಿ ಹಳೇ ಶಾಯಿಯ ಗುರುತು ಎಷ್ಟೋ ಸಲ ಕಾಣತ್ತೆ. ನನ್ನ ಮಟ್ಟಿಗೆ ಬಳಸಿದ ಚೀಟಿಯೇ ಮೇಲು, ಅದು ಕೆಲಸ ಮಾಡಿದ ಚೀಟಿ.

ಮೂರನೇದು, ಇದನ್ನ ಎಸ್‌ಐಪಿ ಅಂದ್ಕೋಬೇಡಿ. ಕ್ಯಾಟಲಾಗ್‌ನಲ್ಲಿ ಇರೋ ಬೆಲೆ ಮಾರೋವಾಗ ಸಿಗೋದಿಲ್ಲ. ಮನೆಯ ಬಜೆಟ್‌ನಲ್ಲಿ ಸಿನಿಮಾ, ಹೋಟೆಲ್ ಅಂತ ಇಡ್ತೀರಲ್ಲ, ಆ ಖಾನೆಯಿಂದ ಇದಕ್ಕೆ ತೆಗೀರಿ, ಮಕ್ಕಳ ಫೀಸಿನ ಖಾನೆಯಿಂದ ಅಲ್ಲ. ಸಾಲ ಮಾಡಿ ಚೀಟಿ ಕೊಳ್ಳೋದು ಅಂದ್ರೆ ಬಾಕಿ ಚೀಟಿಗೇ ಬಾಕಿ ಬಿದ್ದ ಹಾಗೆ.

ನಾಲ್ಕನೇದು, ದುಡ್ಡು ಕೊಡದೆಯೂ ಕಲೀಬಹುದು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ನ್ಯಾಷನಲ್ ಪೋಸ್ಟಲ್ ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಹರಾಜು ಮನೆಗಳ ಪಟ್ಟಿಗಳಲ್ಲಿ ಲಕೋಟೆಗಳ ಒಳ್ಳೇ ಫೋಟೋ ಇರ್ತವೆ. ಒಂದು ಲಕೋಟೆ ಎತ್ಕೊಂಡು, ದಿನಾಂಕ ನೋಡಿ, ಆವತ್ತಿನ ದರ ಹಾಕಿ, ಎಷ್ಟು ಬಾಕಿ ಬರಬೇಕು ಅಂತ ಲೆಕ್ಕ ಮಾಡಿ. ಆಮೇಲೆ ಹಚ್ಚಿರೋ ಚೀಟಿ ಜೊತೆ ತಾಳೆ ನೋಡಿ. ತಾಳೆ ಆದರೆ ಖುಷಿ. ತಾಳೆ ಆಗದಿದ್ದರೆ ಇನ್ನೂ ಖುಷಿ, ಯಾಕಂದ್ರೆ ಅಲ್ಲೊಂದು ಕತೆ ಇದೆ: ಗುಮಾಸ್ತನ ತಪ್ಪೋ, ನಮಗೆ ಗೊತ್ತಿಲ್ಲದ ದರವೋ, ಅಥವಾ ಆಮೇಲೆ ಯಾರೋ ಅಂಟಿಸಿದ ಸುಳ್ಳು ಚೀಟಿಯೋ. ಭಾನುವಾರದ ಮಧ್ಯಾಹ್ನ ಕಳೆಯೋದಕ್ಕೆ ಇದಕ್ಕಿಂತ ಒಳ್ಳೇ ಡೀಬಗ್ಗಿಂಗ್ ನನಗಂತೂ ಗೊತ್ತಿಲ್ಲ.

ಕೊನೇದಾಗಿ ಒಂದು ಕೆಲಸ ಕೊಡ್ತೀನಿ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕ್ ತೆಗೆಸಿ ನೋಡಿ. ಹಳೇ ಕಾಗದಗಳ ಕಟ್ಟು ಇರಬಹುದು, ತಂತಿಗೆ ಪೋಣಿಸಿಟ್ಟ ಕಾರ್ಡುಗಳಿರಬಹುದು. ಅದರಲ್ಲಿ ಎಲ್ಲಾದರೂ ಬಾಕಿಯ ಮುದ್ರೆ, ಕೈಬರಹದ ಮೊತ್ತ ಕಂಡರೆ ಅದನ್ನ ಕತ್ತರಿಸಬೇಡಿ, ರದ್ದಿಗೆ ಹಾಕಬೇಡಿ. ಮನೆಯ ಹಿರಿಯರ ಮುಂದೆ ಇಟ್ಟು, ‘ಇದಕ್ಕೆ ದುಡ್ಡು ಕೊಟ್ಟು ಬಿಡಿಸ್ಕೊಂಡದ್ದು ಯಾರು, ಒಳಗೆ ಏನು ಸುದ್ದಿ ಇತ್ತು?’ ಅಂತ ಕೇಳಿ. ಹೇಳೋರು ಇರೋವಾಗಲೇ ಕೇಳಬೇಕು. ಅವರು ಹೇಳಿದ್ದನ್ನ ಒಂದು ಚೀಟಿಯಲ್ಲಿ ಬರೆದು, ಆ ಕಾಗದದ ಜೊತೆಗೇ ಇಡಿ.